ಪಹಣಿಗೊಂದು ಹಣ, ಹಾಲಿಗೊಂದು ಹಣ

ರೈತನ ಬ್ಯಾಂಕ್ ಖಾತೆಗೆ ಬರುವ ಸರ್ಕಾರದ ಹಣವೆಲ್ಲ ಒಂದೇ ಲೆಕ್ಕದ್ದಲ್ಲ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆ ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ ಕೊಡುತ್ತದೆ. ಅದು ನೋಡುವುದು ಪಹಣಿಯಲ್ಲಿರುವ ಹೆಸರನ್ನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ತಾಲ್ಲೂಕಾದರೂ ಅಷ್ಟೆ: ತೀರಿಹೋದ ತಾತನ ಹೆಸರಿನಲ್ಲೇ ಜಮೀನಿದ್ದರೆ, ಪೌತಿ ಖಾತೆಯಾಗುವ ತನಕ ಉಳುವ ಮೊಮ್ಮಗನಿಗೆ ಕಂತಿಲ್ಲ. ಅಣ್ಣತಮ್ಮಂದಿರ ತಕರಾರಿದ್ದರಂತೂ ಕೇಳುವುದೇ ಬೇಡ. ವಾರಕ್ಕೆ ಮಾಡುವವನು ಲೆಕ್ಕಕ್ಕೇ ಇಲ್ಲ.

ಹಾಲಿನ ಪ್ರೋತ್ಸಾಹಧನ ಹಾಗಲ್ಲ. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿಯಂತೆ ತೊಡಗಿದ್ದು ಈಗ 5 ರೂಪಾಯಿಗೆ ಏರಿದೆ. ಊರ ಡೇರಿಗೆ ಹಾಲು ಹಾಕುವ ಸದಸ್ಯರಿಗೆ ಪಹಣಿಯ ಹಂಗಿಲ್ಲ. ಒಂದು ಗುಂಟೆಯೂ ಇಲ್ಲದ ಹೆಣ್ಣುಮಗಳಿಗೂ ಅದು ಸಲ್ಲುತ್ತದೆ. ತಿಂಗಳುಗಟ್ಟಲೆ ಬಾಕಿ ಬೀಳುತ್ತದೆಂಬ ದೂರು ಮಾತ್ರ ಇದ್ದೇ ಇದೆ.