ದಡ ದಾಟಿದ ಮಳೆ

ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಚಂಡಮಾರುತವೊಂದು ಕರಾವಳಿಯನ್ನು ದಾಟಿದ ಮರುದಿನ ವೃತ್ತಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಕಾಣಬರುತ್ತದೆ: ‘ಚಂಡಮಾರುತ ದುರ್ಬಲಗೊಂಡಿದೆ.’ ಮಾತು ಸುಳ್ಳಲ್ಲ. ಆದರೆ ದುರ್ಬಲಗೊಂಡುದು ಗಾಳಿ, ಮಳೆಯಲ್ಲ. ಈ ಎರಡನ್ನೂ ಒಂದೆಂದೇ ಬಗೆದು ಒಳನಾಡಿನ ಜನರು ನಿಶ್ಚಿಂತರಾಗಿ ಮಲಗಿದ ರಾತ್ರಿಗಳಲ್ಲಿಯೇ ದೊಡ್ಡ ಅನಾಹುತಗಳು ನಡೆದುಹೋಗಿವೆ.

ಕಡಲಿನ ಮೇಲಿರುವಾಗ ಚಂಡಮಾರುತಕ್ಕೆ ಬೆಚ್ಚನೆಯ ನೀರಿನ ಆವಿಯೇ ಆಹಾರ. ಆವಿಯು ಮೇಲೇರಿ ತಣಿದು ಹನಿಗೂಡುವಾಗ ಹೊರಬೀಳುವ ಶಾಖವು ಆ ಮಹಾಸುಳಿಯನ್ನು ತಿರುಗಿಸುತ್ತಿರುತ್ತದೆ. ನೆಲವನ್ನು ಮುಟ್ಟಿದೊಡನೆ ಆಹಾರ ಕಡಿಮೆಯಾಗುತ್ತದೆ. ಮರಗಿಡ, ಗುಡ್ಡಬೆಟ್ಟಗಳ ಘರ್ಷಣೆಯಿಂದ ಗಾಳಿಯ ಬಿರುಸು ತಗ್ಗುತ್ತದೆ. ವೇಗವು ಗಂಟೆಗೆ 62 ಕಿಲೋಮೀಟರಿಗಿಂತ ಕಡಿಮೆಯಾಯಿತೆಂದರೆ ಭಾರತದ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಚಂಡಮಾರುತವೇ ಅಲ್ಲ, ಬರಿಯ ವಾಯುಭಾರ ಕುಸಿತ. ಹೆಸರು ಕಳಚಿ ಬಿದ್ದರೂ ಹೊತ್ತು ತಂದ ನೀರು ಎಲ್ಲಿಗೆ ಹೋದೀತು? ಸುಳಿಯು ನಿಧಾನವಾಗಿ ಸಾಗಿದಷ್ಟೂ ಕೆಳಗಿನ ನೆಲದ ಮೇಲೆ ಸುರಿಯುವ ಮಳೆ ಹೆಚ್ಚು. ನಡುವೆ ಬೆಟ್ಟಗಳು ಅಡ್ಡ ಬಂದರೆ ಇನ್ನೂ ಹೆಚ್ಚು.

2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಸಮೀಪ ದಡಕ್ಕೆ ಬಂದ ‘ಫೆಂಗಲ್’ ಚಂಡಮಾರುತವು ಗಾಳಿಯ ದೃಷ್ಟಿಯಿಂದ ದೊಡ್ಡದೇನೂ ಆಗಿರಲಿಲ್ಲ. ಆದರೆ ದಡ ಸೇರಿದ ಮೇಲೆ ಹಲವು ಗಂಟೆಗಳ ಕಾಲ ಅದು ಹೆಚ್ಚುಕಡಿಮೆ ಅಲುಗದೆ ನಿಂತುಬಿಟ್ಟಿತು. ಪುದುಚೇರಿಯಲ್ಲಿಯೂ ವಿಳುಪ್ಪುರಂ ಜಿಲ್ಲೆಯ ಮೈಲಂನಲ್ಲಿಯೂ ಒಂದು ದಿನಕ್ಕೆ ಅರ್ಧ ಮೀಟರಿನಷ್ಟು ಮಳೆಯಾಯಿತು. ಕರಾವಳಿಯ ಊರುಗಳಿಗೆ ಇದು ಅನಿರೀಕ್ಷಿತವೆನ್ನಲಾಗದು. ಸೋಜಿಗವಿರುವುದು ಮರುದಿನದ ಲೆಕ್ಕದಲ್ಲಿ. ಪುದುಚೇರಿಯಿಂದ ಸುಮಾರು 140 ಕಿಲೋಮೀಟರು ಒಳಗಿರುವ, ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಡಿಸೆಂಬರ್ 2ರ ಬೆಳಗ್ಗೆ ಅಳೆದಾಗ ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆ 50 ಸೆಂಟಿಮೀಟರು! ಆ ವೇಳೆಗೆ ‘ಫೆಂಗಲ್’ ಚಂಡಮಾರುತವೆಂಬ ಪದವಿಯನ್ನೇ ಕಳೆದುಕೊಂಡಿತ್ತು. ಆ ನೀರು ಹರಿದುದು ತೆನ್‌ಪೆಣ್ಣೈ ಹೊಳೆಗೆ. ಎಂದರೆ, ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುವ ದಕ್ಷಿಣ ಪಿನಾಕಿನಿಗೆ. ತಿರುವಣ್ಣಾಮಲೈ ಜಿಲ್ಲೆಯ ಸಾತನೂರು ಅಣೆಕಟ್ಟಿನಿಂದ ಒಂದೂವರೆ ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿದ ನೀರನ್ನು ಹೊರಬಿಡಬೇಕಾಯಿತು. ಮೊದಲು ಮಳೆಯಿಂದ ನೆನೆದಿದ್ದ ಕರಾವಳಿಯ ಹಳ್ಳಿಗಳನ್ನು ಒಳನಾಡಿನ ನೀರು ಹೊಳೆಯ ದಾರಿಯಾಗಿ ಬಂದು ಎರಡನೆಯ ಬಾರಿ ಮುಳುಗಿಸಿತು. ಉಳಿದ ಮೋಡ ಕರ್ನಾಟಕವನ್ನು ಹಾದು, ಮಂಗಳೂರು ಉಡುಪಿಗಳ ಮೇಲೆಯೂ ಸುರಿದು, ಅರಬ್ಬಿ ಸಮುದ್ರವನ್ನು ಸೇರಿತು.

ಇಂತಹ ಮಳೆ ಎಲ್ಲಿಯವರೆಗೆ ಚಾಚಿತೆಂಬುದನ್ನು ತಿಳಿಯಲು ಚಂಡಮಾರುತದ ಹಾದಿಯನ್ನು ತೋರುವ ನಕ್ಷೆ ಸಾಲದು. ಹಾದಿ ಒಂದು ಗೆರೆ. ಮಳೆಯಾದರೋ ಬಟ್ಟೆಯ ಮೇಲೆ ಚೆಲ್ಲಿದ ಶಾಯಿಯಂತೆ ಅಂಕುಡೊಂಕಾಗಿ ಹರಡುವಂಥದು. ಆದುದರಿಂದ ಮಳೆಗೆ ಬೇರೆಯೇ ನಕ್ಷೆ ಬೇಕು. ಪ್ರತಿದಿನ ಬೆಳಗ್ಗೆ 8.30ಕ್ಕೆ ಮಳೆಮಾಪಕಗಳಲ್ಲಿ ಅಳೆದ ಅಂಕಿಗಳನ್ನು ಊರೂರಿನ ಮೇಲೆ ಬರೆದು, ಸಮಪ್ರಮಾಣದ ಮಳೆ ಬಿದ್ದ ಸ್ಥಳಗಳನ್ನು ಗೆರೆಗಳಿಂದ ಕೂಡಿಸುತ್ತಾರೆ. ಇವೇ ಸಮವೃಷ್ಟಿ ರೇಖೆಗಳು. ಬರೆದಷ್ಟು ಸುಲಭವಲ್ಲ ಈ ಕೆಲಸ. ಆ ದಿನ ಬಿದ್ದ ಮಳೆಯಲ್ಲಿ ಚಂಡಮಾರುತದ ಪಾಲೆಷ್ಟು, ಹಿಂಗಾರಿನ ಪಾಲೆಷ್ಟು? ಹನಿಗಳ ಮೇಲೆ ಹೆಸರು ಬರೆದಿರುವುದಿಲ್ಲ. ಸುಳಿಯ ಕೇಂದ್ರದ ಸುತ್ತ ಸಾಮಾನ್ಯವಾಗಿ 500 ಕಿಲೋಮೀಟರಿನ ವೃತ್ತವನ್ನೆಳೆದು, ಕೇಂದ್ರ ಸರಿದಂತೆ ವೃತ್ತವನ್ನೂ ಸರಿಸುತ್ತ, ಅದರೊಳಗೆ ಬಿದ್ದುದನ್ನೆಲ್ಲ ಚಂಡಮಾರುತದ ಖಾತೆಗೆ ಸೇರಿಸುವುದು ವಿಜ್ಞಾನಿಗಳ ಒಂದು ಉಪಾಯ. ಇದು ಒಪ್ಪಂದವೇ ಹೊರತು ನಿಸರ್ಗದ ನಿಯಮವಲ್ಲ.

ಎರಡು ಮಾಪಕಗಳ ನಡುವಣ ಬಯಲಿನಲ್ಲಿಯೇ ಅತ್ಯಧಿಕ ಮಳೆ ಬಿದ್ದರೆ? 1969ರ ಆಗಸ್ಟ್ 17ರಂದು ಅಮೆರಿಕದ ಮಿಸಿಸಿಪಿ ತೀರಕ್ಕೆ ಅಪ್ಪಳಿಸಿದ ‘ಕಮೀಲ್’ ಚಂಡಮಾರುತವು ಎರಡು ದಿನಗಳ ಅನಂತರ, ಸಾವಿರ ಕಿಲೋಮೀಟರಿಗೂ ದೂರದ ವರ್ಜೀನಿಯದ ಬೆಟ್ಟಗಳಲ್ಲಿ ಒಂದೇ ರಾತ್ರಿ ಸುಮಾರು 690 ಮಿಲಿಮೀಟರು ಮಳೆ ಸುರಿಸಿತು. ಎಚ್ಚರಿಕೆಯಿಲ್ಲದೆ ಮಲಗಿದ್ದ ನೂರಕ್ಕೂ ಹೆಚ್ಚು ಜನ ಪ್ರವಾಹಕ್ಕೂ ಮಣ್ಣುಕುಸಿತಕ್ಕೂ ಬಲಿಯಾದರು. ಅಲ್ಲಿ ಮಾಪಕಗಳು ವಿರಳ. ತನಿಖೆಗೆ ಬಂದವರು ಹಿತ್ತಿಲುಗಳಲ್ಲಿದ್ದ ಬಕೆಟ್ಟು, ಪೀಪಾಯಿಗಳಲ್ಲಿ ನಿಂತ ನೀರನ್ನು ಅಳೆದು ನಕ್ಷೆಯನ್ನು ತುಂಬಿಸಿದರು. ಮುಂದೆ ಆಕಾಶದಿಂದಲೇ ಮಳೆಯನ್ನು ಅಂದಾಜು ಮಾಡುವ ಉಪಗ್ರಹಗಳು ಬಂದವು. 1997ರಲ್ಲಿ ಅಮೆರಿಕ ಮತ್ತು ಜಪಾನುಗಳು ಕೂಡಿ ಉಷ್ಣವಲಯದ ಮಳೆಗೆಂದೇ ಒಂದನ್ನು ಹಾರಿಸಿದವು. ಆದರೂ ಬೆಟ್ಟಗಳ ಮೇಲಿನ ಅತಿವೃಷ್ಟಿಯನ್ನು ಉಪಗ್ರಹ ಹಲವು ವೇಳೆ ಕಡಿಮೆಯಾಗಿ ಕಾಣುವುದರಿಂದ ನೆಲದ ಮಾಪಕಕ್ಕೆ ನಿವೃತ್ತಿಯಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿರುವುದು ಈ ಕಾರಣದಿಂದ ಬೆಲೆಯುಳ್ಳ ಕಾರ್ಯ.

ಅಣೆಕಟ್ಟನ್ನು ಕಟ್ಟುವವರಿಗೆ ಈ ನಕ್ಷೆಗಳು ಎಷ್ಟು ಅಗತ್ಯವೆಂಬುದನ್ನು ಚೀನಾದ ಹೆನಾನ್ ಪ್ರಾಂತ ಬಹಳ ದುಬಾರಿಯ ಬೆಲೆ ತೆತ್ತು ಕಲಿಯಿತು. 1975ರ ಆಗಸ್ಟ್‌ನಲ್ಲಿ ‘ನೀನಾ’ ಎಂಬ ಚಂಡಮಾರುತವು ಫೂಜಿಯಾನ್ ತೀರವನ್ನು ದಾಟಿ, ಸುಮಾರು ಸಾವಿರ ಕಿಲೋಮೀಟರು ಒಳಸರಿದು, ಅಲ್ಲಿ ತಡೆದು ನಿಂತಿತು. ಲಿನ್‌ಜುವಾಂಗ್ ಎಂಬಲ್ಲಿ ಮೂರು ದಿನಗಳಲ್ಲಿ 1,605 ಮಿಲಿಮೀಟರು ಮಳೆಯಾಯಿತು. ಅದರಲ್ಲಿ 1,060 ಮಿಲಿಮೀಟರು ಒಂದೇ ದಿನದ್ದು. ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನೂ ತಾಳುವುದೆಂದು ಲೆಕ್ಕ ಹಾಕಿ ಕಟ್ಟಿದ್ದ ಬಾನ್‌ಚಿಯಾವ್ ಅಣೆಕಟ್ಟು ಆಗಸ್ಟ್ 8ರ ನಸುಕಿಗೆ ಮುನ್ನ ಒಡೆಯಿತು. ಅದರೊಂದಿಗೆ ಸಣ್ಣವೂ ದೊಡ್ಡವೂ ಸೇರಿ ಆ ಪ್ರದೇಶದ ಅರವತ್ತಕ್ಕೂ ಮಿಕ್ಕಿದ ಕಟ್ಟೆಗಳು ಹೋದವು. ಸರ್ಕಾರದ ಲೆಕ್ಕದಂತೆಯೇ ಸತ್ತವರು 26,000 ಜನ. ಲೆಕ್ಕ ಹಾಕಿದವರ ಗಣಿತ ಕೆಟ್ಟದ್ದಾಗಿರಲಿಲ್ಲ. ಅವರ ಕೈಯಲ್ಲಿದ್ದ ಮಳೆಯ ದಾಖಲೆ ಕೆಲವೇ ವರ್ಷಗಳದಾಗಿತ್ತು. ಬಾನ್‌ಚಿಯಾವ್ 1993ರಲ್ಲಿ ಮತ್ತೆ ಎದ್ದು ನಿಂತಿತು. ಆ ಮೂರು ದಿನಗಳ ಮಳೆಯ ನಕ್ಷೆಯನ್ನು ಮುಂದಿಟ್ಟುಕೊಂಡೇ ಚೀನಾದ ಎಂಜಿನಿಯರುಗಳು ಇಂದು ಅಣೆಕಟ್ಟುಗಳಿಗೆ ತಗಲಬಹುದಾದ ಗರಿಷ್ಠ ಮಳೆಯನ್ನು ಎಣಿಸುತ್ತಾರೆ.