ಫಲಪುಷ್ಪ ಪ್ರದರ್ಶನಕ್ಕೆ ಹೊರಟಿದ್ದೀರಾ? ಕೊಟ್ಟಿಗೆಯ ಕಡೆಗೂ ಒಂದು ಕಣ್ಣಿರಲಿ



ಕಳೆದ ವರ್ಷ ನನ್ನ ವ್ಯಾಪ್ತಿಯ ಒಂದು ಊರಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಶಾಲೆಯ ಅಂಗಳದಲ್ಲಿ ಸಣ್ಣದೊಂದು ಫಲಪುಷ್ಪ ಪ್ರದರ್ಶನ ಏರ್ಪಡಿಸಿದ್ದರು. ತರಕಾರಿ, ಹೂವು, ಮನೆಯ ತಿಂಡಿ ಎಂದು ಮೂರು ವಿಭಾಗ. ತಿಂಡಿಯ ವಿಭಾಗಕ್ಕೆ ತೀರ್ಪುಗಾರರಲ್ಲಿ ಒಬ್ಬರಾಗಿ ನನ್ನನ್ನೂ ಕರೆದಿದ್ದರು. ಪೇಡಕ್ಕೆ ಮೊದಲ ಬಹುಮಾನ ಪಡೆದ ಅಕ್ಕನವರ ಮನೆಯಿಂದಲೇ ಮರುದಿನ ಬೆಳಗಿನ ಆರು ಗಂಟೆಗೆ ಫೋನ್ ಬಂತು. "ಡಾಕ್ಟ್ರೇ, ಹಸು ಮೇವು ಮುಟ್ಟುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಬೇಗ ಬನ್ನಿ."

ಹೋಗಿ ನೋಡಿದರೆ ಹೊಟ್ಟೆ ಉಬ್ಬಿತ್ತು, ಹುಳಿ ವಾಸನೆಯ ಭೇದಿ ಆಗುತ್ತಿತ್ತು, ಕಣ್ಣು ಗುಳಿಬಿದ್ದಿದ್ದವು. ಪ್ರದರ್ಶನದ ಊಟದಲ್ಲಿ ಉಳಿದ ಅನ್ನ, ಪಾಯಸ ಹಾಳಾಗಬಾರದೆಂದು ಎರಡು ಬಕೆಟ್ ತಂದು ಕಲಗಚ್ಚಿಗೆ ಸುರಿದಿದ್ದರು. ಹಸು ಪುಣ್ಯಕ್ಕೆ ಉಳಿಯಿತು. ಆದರೆ ದಿನಕ್ಕೆ 12 ಲೀಟರ್ ಕೊಡುತ್ತಿದ್ದದ್ದು ಮೂರು ಲೀಟರಿಗೆ ಇಳಿದು, ಮೊದಲಿನಂತಾಗಲು ತಿಂಗಳೇ ಬೇಕಾಯಿತು. ಬಹುಮಾನಕ್ಕೆ ಹಾಲು ಕೊಟ್ಟದ್ದೂ ಅದೇ ಹಸು.

ಅಂದಿನಿಂದ ಪ್ರದರ್ಶನದ ವಿಷಯ ಬಂದಾಗಲೆಲ್ಲ ನಾನು ಎರಡು ಮಾತು ಸೇರಿಸಿಯೇ ಹೇಳುತ್ತೇನೆ. ಒಂದು, ಚೆನ್ನಾಗಿ ಭಾಗವಹಿಸುವುದು ಹೇಗೆ. ಇನ್ನೊಂದು, ಆ ಸಂಭ್ರಮದಲ್ಲಿ ಕೊಟ್ಟಿಗೆಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು ಹೇಗೆ.

ಭಾಗವಹಿಸುವುದೇಕೆ?

ಫಲಪುಷ್ಪ ಪ್ರದರ್ಶನ ಎಂದರೆ ನಮಗೆ ನೆನಪಾಗುವುದು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ, ಇಲ್ಲವೇ ದಸರೆಯಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕ್. ಜಿಲ್ಲಾ ಕೇಂದ್ರಗಳಲ್ಲೂ ತೋಟಗಾರಿಕೆ ಇಲಾಖೆ ಇಂಥ ಪ್ರದರ್ಶನ ನಡೆಸುತ್ತದೆ. ಅದೆಲ್ಲ ದೊಡ್ಡವರಿಗೆ ಎಂದುಕೊಳ್ಳಬೇಡಿ. ಹಸು ಸಾಕುವ ನಿಮ್ಮ ಬಳಿ ಪೇಟೆಯವರ ಬಳಿ ಇಲ್ಲದ ಎರಡು ವಸ್ತುಗಳಿವೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಆಗಷ್ಟೇ ಕರೆದ ಹಾಲು. ಹಿತ್ತಲಿನ ಬದನೆಗೂ ಒಲೆಯ ಮೇಲಿನ ಪೇಡಕ್ಕೂ ಬಲ ಬರುವುದು ಅಲ್ಲಿಂದಲೇ.

ತರಕಾರಿ: ದೊಡ್ಡದಕ್ಕಿಂತ ಒಂದೇ ಸಮನಾದದ್ದು ಮೇಲು

ಹೆಚ್ಚಿನವರು ಮಾಡುವ ತಪ್ಪು, ತೋಟದಲ್ಲಿ ಅತಿ ದೊಡ್ಡದಾಗಿ ಬೆಳೆದ ಕಾಯಿಯನ್ನು ಹುಡುಕಿ ತರುವುದು. ತೀರ್ಪುಗಾರರು ನೋಡುವುದು ಬೇರೆ. ಇಟ್ಟಿರುವ ಕಾಯಿಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಹದದಲ್ಲಿ ಇವೆಯೇ? ಹುಳು ಕಚ್ಚಿದ ಗುರುತು, ಗಾಯ, ಬಾಡಿದ ತೊಟ್ಟು ಇದೆಯೇ? ನಾಲ್ಕು ಮಧ್ಯಮ ಟೊಮೇಟೊ ಜೊತೆಗೆ ಒಂದು ಭಾರಿ ಟೊಮೇಟೊ ಇಟ್ಟರೆ ಅಂಕ ಕಡಿಮೆಯಾಗುತ್ತದೆ.

ಮೊದಲು ನಿಯಮ ಓದಿಸಿಕೊಳ್ಳಿ. ಐದು ಎಂದಿದ್ದರೆ ಐದೇ ಇರಬೇಕು. ಇರಲಿ ಎಂದು ಆರನೆಯದು ಸೇರಿಸಿದರೆ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಇಟ್ಟುಬಿಡಬಹುದು.

• ಬದನೆ, ಟೊಮೇಟೊ, ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಕತ್ತರಿಯಿಂದ ಕೊಯ್ಯಿರಿ. ಕಿತ್ತರೆ ತೊಟ್ಟು ಕಳಚುತ್ತದೆ.
• ಬದನೆಯ ಹೊಳಪು, ಬೂದುಗುಂಬಳದ ಮೇಲಿನ ಬಿಳಿ ಬೂದಿ ತಾಜಾತನದ ಗುರುತು. ಬಟ್ಟೆಯಲ್ಲಿ ತಿಕ್ಕಬೇಡಿ, ಎಣ್ಣೆ ಸವರಬೇಡಿ.
• ಮೂಲಂಗಿ, ಕ್ಯಾರೆಟ್‌ಗಳನ್ನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ನಾರಿನಿಂದ ಉಜ್ಜಿದರೆ ಗೀರು ಬೀಳುತ್ತದೆ.
• ಹುರುಳಿಕಾಯಿ, ಅಲಸಂದೆಯನ್ನು ಒಂದೇ ಉದ್ದಕ್ಕೆ ಆರಿಸಿ, ತೊಟ್ಟೆಲ್ಲ ಒಂದೇ ಕಡೆಗೆ ಬರುವಂತೆ ಜೋಡಿಸಿ.
• ಕೊಯ್ಲು ಅದೇ ದಿನ ಬೆಳಿಗ್ಗೆ, ಬಿಸಿಲೇರುವ ಮೊದಲು ಆಗಲಿ.

ಗೊಬ್ಬರದ ಬಗ್ಗೆ ಒಂದು ಮಾತು. ಹಸಿ ಸಗಣಿಯನ್ನು ನೇರವಾಗಿ ಪಾತಿಗೆ ಹಾಕಬೇಡಿ. ಬೇರು ಸುಡುತ್ತದೆ, ಗೊಣ್ಣೆಹುಳು ಸೇರಿಕೊಳ್ಳುತ್ತದೆ, ಮೂಲಂಗಿ ಕವಲೊಡೆಯುತ್ತದೆ. ತಿಪ್ಪೆಯಲ್ಲಿ ಮೂರು ನಾಲ್ಕು ತಿಂಗಳು ಕಳಿತು, ಕೈಯಲ್ಲಿ ಹಿಡಿದರೆ ಪುಡಿಯಾಗುವ, ಸಗಣಿ ವಾಸನೆ ಹೋದ ಗೊಬ್ಬರವೇ ಬೇಕು.

ಇಲ್ಲಿಯೇ ಪಶುವೈದ್ಯರ ಎಚ್ಚರಿಕೆಯೂ ಇದೆ. ಪ್ರದರ್ಶನ ಹತ್ತಿರ ಬಂತು, ಹುಳು ಬೀಳಬಾರದು ಎಂದು ಕೊನೆಯ ವಾರ ಕೀಟನಾಶಕ ಹೊಡೆಯುವವರಿದ್ದಾರೆ. ಕಾಯಿ ಮೇಜಿಗೆ ಹೋಗುತ್ತದೆ, ಉಳಿದ ಎಲೆ, ಬಳ್ಳಿ, ಹೂಕೋಸಿನ ಹೊರಸಿಪ್ಪೆ ಗೋದಲಿಗೆ ಬರುತ್ತದೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅಷ್ಟು ದಿನ ಮನುಷ್ಯರೂ ತಿನ್ನಬಾರದು, ದನಕ್ಕೂ ಹಾಕಬಾರದು. ಸಿಂಪಡಿಸಿದ ಬಕೆಟ್‌ನಲ್ಲಿ ಎಂದಿಗೂ ದನಕ್ಕೆ ನೀರು ಕುಡಿಸಬೇಡಿ.

ಹೂವು: ಅಂದದ ಜೊತೆಗೆ ಅಪಾಯವೂ ಇದೆ

ಸೇವಂತಿಗೆ, ಗುಲಾಬಿ, ಸುಗಂಧರಾಜ ಯಾವುದೇ ಇರಲಿ, ಹಿಂದಿನ ದಿನ ಸಂಜೆ ಉದ್ದ ಕಾಂಡದ ಸಮೇತ ಕೊಯ್ದು, ಬುಡವನ್ನು ಓರೆಯಾಗಿ ಕತ್ತರಿಸಿ, ರಾತ್ರಿಯಿಡೀ ತಂಪು ಜಾಗದಲ್ಲಿ ನೀರಿನ ಬಕೆಟ್‌ನಲ್ಲಿ ನಿಲ್ಲಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ, ಇಲ್ಲದಿದ್ದರೆ ಕೊಳೆತು ನೀರು ಕೆಡುತ್ತದೆ. ಪೂರ್ತಿ ಅರಳಿದ ಹೂವಿಗಿಂತ ಮುಕ್ಕಾಲು ಅರಳಿದ್ದನ್ನು ಆರಿಸಿದರೆ ತೀರ್ಪಿನ ಹೊತ್ತಿಗೆ ಸರಿಯಾಗಿ ಅರಳಿರುತ್ತದೆ.

ಈಗ ಅಪಾಯದ ಮಾತು. ಅಲಂಕಾರಕ್ಕೆ ಕಣಗಿಲೆ ಬಳಸುವುದು ನಮ್ಮಲ್ಲಿ ರೂಢಿ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹತ್ತಿಪ್ಪತ್ತು ಎಲೆ ತಿಂದರೂ ದೊಡ್ಡ ಹಸುವಿನ ಹೃದಯ ನಿಲ್ಲಬಹುದು. ಒಣಗಿದರೂ ವಿಷ ಹೋಗುವುದಿಲ್ಲ. ಹಳದಿ ಕಣಗಿಲೆಯೂ ಅಷ್ಟೇ. ಗೌರಿ ಹೂವು ಎನ್ನುವ ಅಗ್ನಿಶಿಖೆ, ದತ್ತೂರಿ, ಲಂಟಾನ ಇವೂ ದನದ ಬಾಯಿಗೆ ಸಿಗಬಾರದು. ಪ್ರದರ್ಶನ ಮುಗಿದ ಮೇಲೆ ಬಾಡಿದ ಹೂವು, ಸೊಪ್ಪನ್ನು ಬೇಲಿ ಪಕ್ಕ ಎಸೆಯಬೇಡಿ, ಗುಂಡಿ ತೆಗೆದು ಮುಚ್ಚಿ.

ಇನ್ನೊಂದು ಅಪಾಯ ತಂತಿ ಮತ್ತು ಗುಂಡುಸೂಜಿ. ಹೂವಿನ ಜೋಡಣೆಗೆ ಚುಚ್ಚಿದ ಸೂಜಿ ಸೊಪ್ಪಿನ ಜೊತೆ ಹಸುವಿನ ಹೊಟ್ಟೆ ಸೇರುತ್ತದೆ. ಹಸು ನಮ್ಮ ಹಾಗೆ ಅಗಿದು ತಿನ್ನುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ಸೂಜಿ ಹೊಟ್ಟೆಯ ಎರಡನೇ ಕೋಣೆಯಲ್ಲಿ ನಿಲ್ಲುತ್ತದೆ. ಆ ಕೋಣೆಗೂ ಹೃದಯಕ್ಕೂ ನಡುವೆ ಇರುವ ಅಂತರ ಬಹಳ ಕಡಿಮೆ. ಸೂಜಿ ಅತ್ತ ಚುಚ್ಚಿಕೊಂಡರೆ ಹಸುವನ್ನು ಉಳಿಸುವುದು ಕಷ್ಟ. ಆದ್ದರಿಂದ ತಂತಿಯ ಬದಲು ಬಾಳೆನಾರು ಅಥವಾ ಹತ್ತಿಯ ದಾರ ಬಳಸಿ. ಸೂಜಿ ಬೇಕೇ ಬೇಕೆಂದರೆ ಎಣಿಸಿ ಚುಚ್ಚಿ, ಎಣಿಸಿ ತೆಗೆಯಿರಿ.

ತಿಂಡಿ: ಹಾಲು ಚೆನ್ನಾಗಿದ್ದರೆ ಅರ್ಧ ಗೆದ್ದಂತೆ

ಪೇಡ, ಖೋವಾ: ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು 170ರಿಂದ 190 ಗ್ರಾಂ ಖೋವಾ ಸಿಗುತ್ತದೆ, ಎಮ್ಮೆ ಹಾಲಿಗೆ ಇನ್ನೂ ಸ್ವಲ್ಪ ಹೆಚ್ಚು. ಹಸುವಿನ ಹಾಲಿನ ಖೋವಾ ತುಸು ಹಳದಿ, ಅಂಟು ಅಂಟು. ಎಮ್ಮೆ ಹಾಲಿನದು ಬಿಳಿ, ಮೆತ್ತಗೆ. ಪೇಡಕ್ಕೆ ಎರಡನ್ನೂ ಬೆರೆಸುವವರಿದ್ದಾರೆ. ತಳ ಹಿಡಿಯದಂತೆ ಕೈಬಿಡದೆ ತಿರುವಬೇಕು. ಸೀದ ವಾಸನೆಯನ್ನು ಏಲಕ್ಕಿ ಮುಚ್ಚಿಹಾಕುವುದಿಲ್ಲ. ಖೋವಾ ಬೇಗ ಕೆಡುವ ವಸ್ತು, ಹಿಂದಿನ ಸಂಜೆ ಮಾಡಿದರೆ ಸಾಕು.

ರಾಗಿ ಕೇಕ್, ಬಿಸ್ಕತ್ತು: ಕುಕ್ಕರಿನಲ್ಲೋ ಓವನ್ನಿನಲ್ಲೋ ಬೇಯಿಸಿದ್ದನ್ನು ಪೂರ್ತಿ ಆರಿಸಿದ ಮೇಲೆಯೇ ಕತ್ತರಿಸಿ, ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಆವಿ ಕಟ್ಟಿ ಒದ್ದೆಯಾಗುತ್ತದೆ. ತುಂಡುಗಳು ಒಂದೇ ಅಳತೆಯಲ್ಲಿರಲಿ.

ಮೊಸರು: ಅಂದು ನನ್ನ ಮುಂದೆ ಒಂದು ಕುಡಿಕೆ ಮೊಸರು ಬಂದಿತ್ತು, ನೀರು ನೀರಾಗಿತ್ತು. ತಂದವರು ಬೇಸರದಿಂದ, "ಹೆಪ್ಪು ಚೆನ್ನಾಗಿತ್ತು, ಎರಡು ಸಲ ಹಾಕಿದೆ, ಹೆಪ್ಪುಗಟ್ಟಲೇ ಇಲ್ಲ" ಎಂದರು. ವಿಚಾರಿಸಿದರೆ ಹಸುವಿಗೆ ಕೆಚ್ಚಲು ಬಾವಾಗಿ ಎರಡು ದಿನದ ಹಿಂದೆ ಮೊಲೆಗೆ ಟ್ಯೂಬ್ ಹಾಕಿಸಿದ್ದರು. ಆ್ಯಂಟಿಬಯೋಟಿಕ್ ಹಾಲಿಗೆ ಇಳಿಯುತ್ತದೆ. ರೋಗಾಣುವನ್ನು ಕೊಲ್ಲುವ ಔಷಧಿ ಮೊಸರು ಮಾಡುವ ಒಳ್ಳೆಯ ಜೀವಾಣುವನ್ನೂ ಕೊಲ್ಲುತ್ತದೆ. ಹಾಗಾಗಿ ಹೆಪ್ಪು ಕೂರಲಿಲ್ಲ. ಇಲ್ಲಿ ದೊಡ್ಡ ವಿಷಯ ಬಹುಮಾನ ತಪ್ಪಿದ್ದಲ್ಲ. ಆ ಹಾಲನ್ನು ಮನೆಯ ಮಕ್ಕಳು ಕುಡಿದಿರುತ್ತಾರೆ, ಸಂಘಕ್ಕೆ ಹಾಕಿದ್ದರೆ ಎಲ್ಲರ ಹಾಲಿನ ಜೊತೆ ಬೆರೆತಿರುತ್ತದೆ. ಕುದಿಸಿದ ಮಾತ್ರಕ್ಕೆ ಔಷಧಿಯ ಅಂಶ ಹೋಗುತ್ತದೆಂದು ನಂಬುವಂತಿಲ್ಲ. ಒಂದೇ ಮೊಲೆಗೆ ಔಷಧಿ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಬಿಡಬೇಕು. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬದಲಾಗುತ್ತದೆ. ಚಿಕಿತ್ಸೆ ಕೊಟ್ಟ ದಿನವೇ ವೈದ್ಯರನ್ನು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಗಿಣ್ಣು: ಗಿಣ್ಣು ಇಟ್ಟರೆ ಎಲ್ಲರ ಬಾಯಲ್ಲೂ ನೀರೂರುತ್ತದೆ, ಒಪ್ಪುತ್ತೇನೆ. ಆದರೆ ಮೊದಲ ಪಾಲು ಕರುವಿನದು. ಹುಟ್ಟುವಾಗ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು, ಅದು ಬರುವುದು ಗಿಣ್ಣದ ಹಾಲಿನಿಂದ. ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಮೊದಲ ದಿನವೇ ಹೊಟ್ಟೆಗೆ ಹೋಗಬೇಕು. ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ. ಕಸ ಬೀಳುವ ತನಕ ಕಾಯಬೇಕೆಂಬ ನಂಬಿಕೆ ಬಿಡಿ. ಕರು ಕುಡಿದು ಉಳಿದರೆ ಧಾರಾಳವಾಗಿ ಗಿಣ್ಣು ಮಾಡಿ.

ಪ್ರದರ್ಶನ ಮುಗಿದ ಸಂಜೆ

ಮತ್ತೆ ಮೊದಲ ಮಾತಿಗೆ ಬರುತ್ತೇನೆ. ಅನ್ನ ದೇವರು, ಚೆಲ್ಲಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಆ ಭಾವನೆಯಿಂದಲೇ ಉಳಿದದ್ದನ್ನು ಹಸುವಿಗೆ ಹಾಕುತ್ತೇವೆ. ಆದರೆ ಹಸುವಿನ ಹೊಟ್ಟೆ ಹುಲ್ಲಿಗಾಗಿ ಆದದ್ದು. ಅನ್ನ, ಪಾಯಸ, ಮುದ್ದೆ, ಇಡ್ಲಿ ಹಿಟ್ಟು, ಬೆಲ್ಲ, ಹಣ್ಣು ಒಂದೇ ಸಲ ಹೆಚ್ಚು ಬಿದ್ದರೆ ಅಲ್ಲಿ ಹುಳಿ ಬಂದು ಆಮ್ಲ ತುಂಬುತ್ತದೆ. ಹುಲ್ಲು ಜೀರ್ಣಿಸುವ ಜೀವಾಣುಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಸೆಳೆದುಕೊಳ್ಳುತ್ತದೆ, ಆಮ್ಲ ರಕ್ತಕ್ಕೆ ಸೇರುತ್ತದೆ. ಮೇವು ಬಿಡುವುದು, ಮೆಲುಕು ನಿಲ್ಲುವುದು, ಹಲ್ಲು ಕಡಿಯುವುದು, ಹುಳಿ ವಾಸನೆಯ ಭೇದಿ, ತೂರಾಡುವುದು, ಮಲಗಿಬಿಡುವುದು ಇದರ ಲಕ್ಷಣಗಳು. ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು.

ಹಾಗಾದರೆ ಏನು ಮಾಡಬೇಕು? ಹಸು ಹೆಚ್ಚು ಅನ್ನ ತಿಂದಿದೆ ಎಂದು ಗೊತ್ತಾದ ಕೂಡಲೇ, ಲಕ್ಷಣ ಕಾಣುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಪಶು ಸಂಜೀವಿನಿ ಸಹಾಯವಾಣಿ 1962. ಉಳಿದ ಅನ್ನ, ಹಿಂಡಿ, ಬೂಸ ಎಲ್ಲ ತೆಗೆದು ಒಣಹುಲ್ಲು ಮಾತ್ರ ಮುಂದಿಡಿ. ಹಸು ನಿಂತಿದ್ದು, ಸರಿಯಾಗಿ ನುಂಗುತ್ತಿದ್ದರೆ, ವೈದ್ಯರು ಫೋನಿನಲ್ಲಿ ಹೇಳಿದಂತೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಮಲಗಿದ ಹಸುವಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಉಳಿದ ಅನ್ನ ಏನಾಗಬೇಕು? ತಿಪ್ಪೆಗೆ ಹಾಕಿ, ದನ, ನಾಯಿ ಕೆದಕದಂತೆ ಮೇಲೆ ಸಗಣಿ, ಮಣ್ಣು ಮುಚ್ಚಿ. ಮುಂದಿನ ವರ್ಷದ ಬದನೆಗೆ ಅದೇ ಗೊಬ್ಬರ. ಅನ್ನ ಹಾಳಾಗಲಿಲ್ಲ, ಹಸುವೂ ಉಳಿಯಿತು.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

1. ನಿಯಮದಲ್ಲಿ ಹೇಳಿದಷ್ಟೇ ಸಂಖ್ಯೆ ಇದೆಯೇ?
2. ಕೊನೆಯ ಸಲ ಔಷಧಿ ಹೊಡೆದು ಎಷ್ಟು ದಿನವಾಯಿತು?
3. ಹಸು ಚಿಕಿತ್ಸೆಯಲ್ಲಿದೆಯೇ? ಹಾಲು ಬಳಸುವ ದಿನ ಬಂದಿದೆಯೇ?
4. ಅಲಂಕಾರದಲ್ಲಿ ಕಣಗಿಲೆ, ತಂತಿ, ಸೂಜಿ ಇಲ್ಲ ತಾನೇ?
5. ನೀವು ಪ್ರದರ್ಶನದಲ್ಲಿರುವಾಗ ಸಂಜೆಯ ಕರಾವು, ನೀರು, ಮೇವು ಯಾರ ಜವಾಬ್ದಾರಿ? ಕರಾವು ತಡವಾದರೆ ಕೆಚ್ಚಲಿಗೆ ತೊಂದರೆ.

ಆ ಅಕ್ಕನವರು ಈ ವರ್ಷವೂ ಪೇಡ ಮಾಡುತ್ತಾರಂತೆ. ಮೊನ್ನೆ ಸಂಘದ ಬಳಿ ಸಿಕ್ಕಾಗ, "ಈ ಸಲ ಅನ್ನದ ಪಾತ್ರೆ ನಾನೇ ಕಾಯುತ್ತೇನೆ ಡಾಕ್ಟ್ರೇ" ಎಂದು ನಕ್ಕರು. ಹಸು 11 ಲೀಟರಿಗೆ ಬಂದಿದೆ, ಗಬ್ಬವೂ ಆಗಿದೆ. ನಿಮ್ಮ ಊರಿನಲ್ಲಿ ಪ್ರದರ್ಶನವಿದ್ದರೆ ನೀವೂ ಹೆಸರು ಕೊಡಿ. ಬಹುಮಾನ ಬಂದರೆ ಸಂತೋಷ. ಬಾರದಿದ್ದರೂ ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಹಸು ಎದ್ದು ನಿಂತು ಮೆಲುಕು ಹಾಕುತ್ತಿರಲಿ.