ರಾಬರ್ಟ್ ಕ್ರಾಫ್ಟ್

ರಾಬರ್ಟ್ ಪಾಲ್ ಕ್ರಾಫ್ಟ್ (1927–2015) ಅಮೆರಿಕದ ಖಭೌತವಿಜ್ಞಾನಿ. ಹಠಾತ್ತನೆ ಸಾವಿರಾರು ಪಟ್ಟು ಹೊಳಪೇರಿ ಮತ್ತೆ ಮಂಕಾಗುವ ನೋವಾ ನಕ್ಷತ್ರಗಳು ಒಂಟಿ ನಕ್ಷತ್ರಗಳಲ್ಲ, ಶ್ವೇತ ಕುಬ್ಜವೊಂದು ಸಂಗಾತಿ ನಕ್ಷತ್ರದೊಡನೆ ಅತಿ ಸಮೀಪದಲ್ಲಿ ಸುತ್ತುತ್ತಿರುವ ಯುಗ್ಮ ವ್ಯವಸ್ಥೆಗಳು ಎಂಬ ನಿಲುವಿಗೆ 1960ರ ದಶಕದ ಆರಂಭದಲ್ಲಿ ಗಟ್ಟಿಯಾದ ವೀಕ್ಷಣಾ ಆಧಾರ ಒದಗಿಸಿದವರು ಇವರು.

ಸಂಶೋಧನೆಯ ಹಿನ್ನೆಲೆ

ಸೂರ್ಯನಂತಹ ನಕ್ಷತ್ರವು ತನ್ನ ಇಂಧನವನ್ನು ಮುಗಿಸಿಕೊಂಡ ಬಳಿಕ ಉಳಿಯುವ ತಿರುಳೇ ಶ್ವೇತ ಕುಬ್ಜ. ಅದರ ಗಾತ್ರ ಭೂಮಿಯಷ್ಟು, ದ್ರವ್ಯರಾಶಿ ಮಾತ್ರ ಸೂರ್ಯನಿಗೆ ಹೋಲಿಸಬಹುದಾದಷ್ಟು. ಒಂಟಿಯಾಗಿದ್ದರೆ ಅದು ನೂರಾರು ಕೋಟಿ ವರ್ಷಗಳ ಕಾಲ ನಿಧಾನವಾಗಿ ತಣ್ಣಗಾಗುತ್ತದೆಯೇ ಹೊರತು ಸ್ಫೋಟಿಸಲು ಕಾರಣವಿಲ್ಲ. ಆದರೆ ನೋವಾ ಅಡಗಿದ ಮೇಲೆ ಆ ಸ್ಥಳದಲ್ಲಿ ಕಾಣುತ್ತಿದ್ದುದು ಬಹುಪಾಲು ಇಂತಹುದೇ ಮಂಕಾದ, ನೀಲಿ ಛಾಯೆಯ ಚಿಕ್ಕ ನಕ್ಷತ್ರ. ಸ್ಫೋಟಕ್ಕೆ ಇಂಧನ ಎಲ್ಲಿಂದ ಬಂತು ಎಂಬುದು ಬಿಡಿಸಲಾಗದ ಒಗಟಾಗಿತ್ತು.

ಮೊದಲ ಸುಳಿವುಗಳು ಬೇರೆಯವರಿಂದ ಬಂದವು. 1934ರಲ್ಲಿ ಸ್ಫೋಟಿಸಿದ್ದ ಡಿಕ್ಯೂ ಹರ್ಕ್ಯುಲಿಸ್ ನಕ್ಷತ್ರವು 4 ಗಂಟೆ 39 ನಿಮಿಷಗಳಿಗೊಮ್ಮೆ ಗ್ರಹಣಕ್ಕೊಳಗಾಗುತ್ತದೆ, ಅಂದರೆ ಅದಕ್ಕೊಂದು ಸಂಗಾತಿಯಿದೆ ಎಂಬುದನ್ನು ಮರ್ಲ್ ವಾಕರ್ 1954ರಲ್ಲಿ ಕಂಡುಹಿಡಿದರು. ರಾಜಹಂಸ ನಕ್ಷತ್ರಪುಂಜದ ಕುಬ್ಜ ನೋವಾ ಎಸ್‌ಎಸ್ ಸಿಗ್ನಿ ಕೂಡ ಯುಗ್ಮವೇ ಎಂದು ಆಲ್ಫ್ರೆಡ್ ಜಾಯ್ 1956ರಲ್ಲಿ ತೋರಿಸಿದರು. ಇವು ಆಕಸ್ಮಿಕ ಉದಾಹರಣೆಗಳೋ, ಎಲ್ಲ ನೋವಾಗಳಿಗೂ ಅನ್ವಯಿಸುವ ನಿಯಮವೋ ಎಂಬ ಪ್ರಶ್ನೆಯನ್ನು ಕ್ರಾಫ್ಟ್ ಕೈಗೆತ್ತಿಕೊಂಡರು.

ಪಾಲೋಮಾರ್ ವೀಕ್ಷಣೆಗಳು

ಯುಗ್ಮವನ್ನು ಪತ್ತೆಹಚ್ಚುವ ವಿಧಾನ ತತ್ವದಲ್ಲಿ ಸರಳ. ಸುತ್ತುವ ನಕ್ಷತ್ರ ನಮ್ಮತ್ತ ಬರುವಾಗ ಅದರ ರೋಹಿತ ರೇಖೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಆಚರಣೆಯಲ್ಲಿ ಇದು ಕಷ್ಟದ ಕೆಲಸ. ಹಳೆಯ ನೋವಾಗಳು ಬಹಳ ಮಂಕಾಗಿದ್ದು, ಅಂದಿನ ಛಾಯಾಚಿತ್ರ ಫಲಕದ ಮೇಲೆ ಅವುಗಳ ರೋಹಿತ ಮೂಡಲು ದೀರ್ಘ ಕಾಲ ಬೇಕು. ಕಕ್ಷೆಯ ಅವಧಿಯೋ ಕೆಲವೇ ಗಂಟೆಗಳು. ಹೆಚ್ಚು ಹೊತ್ತು ಬೆಳಕು ಸಂಗ್ರಹಿಸಿದರೆ ಅಳೆಯಬೇಕಾದ ವೇಗದ ಏರಿಳಿತವೇ ಕಲಸಿಹೋಗುತ್ತದೆ. ಅಂದಿನ ಅತಿದೊಡ್ಡ ದೂರದರ್ಶಕಗಳಲ್ಲೊಂದಾದ ಪಾಲೋಮಾರ್‌ನ 200 ಅಂಗುಲದ ಹೇಲ್ ದೂರದರ್ಶಕವು ಈ ಇಕ್ಕಟ್ಟನ್ನು ಬಹುಮಟ್ಟಿಗೆ ಪರಿಹರಿಸಿತು.

1962ರಲ್ಲಿ ಯು ಜೆಮಿನೋರಮ್ ಬಗೆಯ ಕುಬ್ಜ ನೋವಾಗಳ ಕುರಿತೂ, 1964ರಲ್ಲಿ ಹತ್ತು ಹಳೆಯ ನೋವಾಗಳ ಕುರಿತೂ ಕ್ರಾಫ್ಟ್ ಪ್ರಬಂಧಗಳನ್ನು ಪ್ರಕಟಿಸಿದರು. ನಿರ್ದಿಷ್ಟ ಬಗೆಯ ನಿಕಟ ಯುಗ್ಮದ ಸದಸ್ಯನಾಗಿರುವುದು ನೋವಾ ಆಗಲು ಅವಶ್ಯಕ ಷರತ್ತು ಎಂಬುದು ಅವರ ತೀರ್ಮಾನ. ಪ್ರತಿಯೊಂದರಲ್ಲೂ ವೇಗದ ಬದಲಾವಣೆ ಕಾಣದಿರುವುದು ಇದಕ್ಕೆ ವಿರುದ್ಧವಾದ ಸಾಕ್ಷ್ಯವಾಗಲಾರದು. ಕಕ್ಷೆಯು ತಟ್ಟೆಯಂತೆ ನಮಗೆ ಅಭಿಮುಖವಾಗಿದ್ದರೆ ನಕ್ಷತ್ರಗಳು ನಮ್ಮತ್ತ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ.

ಇಂದು ಒಪ್ಪಿತವಾಗಿರುವ ಚಿತ್ರಣ ಹೀಗಿದೆ. ಉಬ್ಬಿದ ಸಂಗಾತಿಯ ಹೊರಪದರದಿಂದ ಹೈಡ್ರೋಜನ್ ಸಮೃದ್ಧವಾದ ಅನಿಲವು ಶ್ವೇತ ಕುಬ್ಜದತ್ತ ಹರಿಯುತ್ತದೆ. ಅದು ನೇರವಾಗಿ ಬೀಳದೆ, ಸಾಮಾನ್ಯವಾಗಿ ಕುಬ್ಜದ ಸುತ್ತ ತಟ್ಟೆಯಾಕಾರದಲ್ಲಿ ಸುತ್ತುತ್ತಾ ಮೆಲ್ಲನೆ ಒಳಗಿಳಿಯುತ್ತದೆ. ಮೇಲ್ಮೈಯಲ್ಲಿ ಶೇಖರವಾದ ಪದರದ ತಳದಲ್ಲಿ ಒತ್ತಡ, ಉಷ್ಣತೆಗಳು ಮಿತಿಮೀರಿದಾಗ ಹೈಡ್ರೋಜನ್ ಸಮ್ಮಿಲನ ಹತೋಟಿ ತಪ್ಪುತ್ತದೆ. ಅದೇ ನೋವಾ. ನಾಶವಾಗುವುದು ಪದರವೇ ಹೊರತು ಕುಬ್ಜವಲ್ಲ, ಆದ್ದರಿಂದ ಈ ಕ್ರಿಯೆ ಮರುಕಳಿಸಬಹುದು. ಕುಬ್ಜ ನೋವಾಗಳ ಚಿಕ್ಕ ಪ್ರಕೋಪಗಳಿಗೆ ಕಾರಣ ಬೇರೆ. ಅವು ತಟ್ಟೆಯಲ್ಲಿನ ಅಸ್ಥಿರತೆಯಿಂದ ಉಂಟಾಗುತ್ತವೆ ಎಂಬ ವಿವರಣೆಯನ್ನು 1974ರಲ್ಲಿ ಯೋಜಿ ಒಸಾಕಿ ಮುಂದಿಟ್ಟರು.

ಗುರುತ್ವ ತರಂಗಗಳ ಸೂಚನೆ

ಜಾನ್ ಮ್ಯಾಥ್ಯೂಸ್ ಮತ್ತು ಜೆಸ್ಸಿ ಗ್ರೀನ್‌ಸ್ಟೈನ್ ಅವರೊಡನೆ ಕ್ರಾಫ್ಟ್ 1962ರಲ್ಲಿ ಬರೆದ ಕಿರುಪ್ರಬಂಧವು ಈ ಸರಣಿಯಲ್ಲೇ ಅತ್ಯಂತ ಮುಂದಾಲೋಚನೆಯದು ಎನ್ನಬಹುದು. ಅದರ ವಸ್ತು ಡಬ್ಲ್ಯುಜೆಡ್ ಸಜಿಟೆ. ಅಲ್ಲಿ ಎರಡು ನಕ್ಷತ್ರಗಳು ಸುಮಾರು 82 ನಿಮಿಷಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಇಡೀ ವ್ಯವಸ್ಥೆ ಸೂರ್ಯನೊಳಗೆ ಹಿಡಿಸುವಷ್ಟು ಚಿಕ್ಕದು. ಇಷ್ಟು ಬಿಗಿಯಾದ ಯುಗ್ಮವು ಐನ್‌ಸ್ಟೈನ್‌ರ ಸಿದ್ಧಾಂತದ ಪ್ರಕಾರ ಗುರುತ್ವ ತರಂಗಗಳನ್ನು ಹೊಮ್ಮಿಸುತ್ತಿರಬಹುದು ಎಂದು ಮೂವರೂ ಸೂಚಿಸಿದರು. ಹೀಗೆ ಶಕ್ತಿ ಸೋರಿಹೋದಂತೆ ಕಕ್ಷೆ ಕುಗ್ಗಬೇಕು. ಈ ವಿಚಾರವನ್ನು ಬೊಹ್ದಾನ್ ಪಾಚಿನ್ಸ್ಕಿ 1967ರಲ್ಲಿ ನಿಕಟ ಯುಗ್ಮಗಳ ವಿಕಾಸಕ್ಕೆ ವಿಸ್ತರಿಸಿದರು. ಗುರುತ್ವ ತರಂಗಗಳು ಮೊದಲ ಬಾರಿಗೆ ನೇರವಾಗಿ ದಾಖಲಾದುದು 2015ರ ಸೆಪ್ಟೆಂಬರ್‌ನಲ್ಲಿ, ಕ್ರಾಫ್ಟ್ ನಿಧನರಾದ ಕೆಲವು ತಿಂಗಳ ನಂತರ. ಅವು ಕಪ್ಪುಕುಳಿಗಳಿಂದ ಬಂದವು. ಶ್ವೇತ ಕುಬ್ಜ ಯುಗ್ಮಗಳ ತರಂಗಗಳ ಆವರ್ತನ ಬಹಳ ಕಡಿಮೆ. ಅವುಗಳನ್ನು ಹಿಡಿಯಲು ಲೀಸಾ ಎಂಬ ಅಂತರಿಕ್ಷ ವೀಕ್ಷಣಾಲಯವನ್ನು ರೂಪಿಸಲಾಗುತ್ತಿದೆ.

ಇತರ ಕಾರ್ಯ

ಸಿಯಾಟಲ್‌ನಲ್ಲಿ ಜನಿಸಿದ ಕ್ರಾಫ್ಟ್ 1955ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ನಂತರದ ವರ್ಷಗಳಲ್ಲಿ ನಕ್ಷತ್ರಗಳ ಆವರ್ತನ ವೇಗ ಮತ್ತು ಗೋಳ ಗುಚ್ಛಗಳ ರಾಸಾಯನಿಕ ಸಂಯೋಜನೆಯತ್ತ ಹೊರಳಿದರು. 1981ರಿಂದ 1991ರವರೆಗೆ ಲಿಕ್ ವೀಕ್ಷಣಾಲಯದ ನಿರ್ದೇಶಕರಾಗಿಯೂ, 1997ರಿಂದ 2000ದವರೆಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 3712 ಸಂಖ್ಯೆಯ ಕ್ಷುದ್ರಗ್ರಹಕ್ಕೆ ಅವರ ಹೆಸರನ್ನಿಡಲಾಗಿದೆ.